ಅಮ್ಮನ ಸೂಜಿಗೆ ದಾರ ಪೋಣಿಸುವವರು ಯಾರು?

ಮೊನ್ನೆ ಈ ಅಂಕಣಕ್ಕೆ ಬಂದ ಒಂದು ಪತ್ರ ನನ್ನ ನಿದ್ದೆ ಕೆಡಿಸಿದೆ. ಎರಡು ಸಲ ಓದಿದೆ. ಮೂರನೇ ಸಲ ಓದುವಾಗ ಕಣ್ಣು ತುಂಬಿತು, ಆಮೇಲೆ ಸಿಟ್ಟು ಬಂತು. ಸಿಟ್ಟು ಬರೆದ ಹುಡುಗನ ಮೇಲಲ್ಲ. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ.

ಬರೆದವರಿಗೆ 29 ವರ್ಷ. ಊರು ಗದಗದ ಪಕ್ಕದ ಬೆಟಗೇರಿ. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ. ತಂದೆ ತೀರಿಕೊಂಡಿದ್ದಾರೆ, ತಾಯಿ ಊರಲ್ಲಿ ಒಬ್ಬರೇ ಇದ್ದಾರೆ. ಕಾಲೇಜಿನ ದಿನಗಳಲ್ಲಿ ಒಂದು ಯೂತ್ ಕ್ಯಾಂಪಿನಲ್ಲಿ ತಮ್ಮ ಬದುಕನ್ನು ಕರ್ತನಾದ ಯೇಸುವಿಗೆ ಕೊಟ್ಟವರು. ನಾಲ್ಕು ವರ್ಷದಿಂದ ಇವರ ತಲೆಯಲ್ಲಿ ಒಂದೇ ಪ್ರಶ್ನೆ: ನನ್ನ ಬಗ್ಗೆ ದೇವರ ಉದ್ದೇಶ ಏನು? ಉಪವಾಸ ಮಾಡಿದ್ದಾರೆ, ಒಮ್ಮೆ 21 ದಿನ. ಮೈಸೂರಿನ ಆಫೀಸಿಗೆ ಬಡ್ತಿ ಬಂದಾಗ, ದೇವರಿಂದ ಕನ್ಫರ್ಮೇಶನ್ ಸಿಗಲಿಲ್ಲ ಅಂತ ಬಿಟ್ಟಿದ್ದಾರೆ. ಬಂದ ಒಂದು ಒಳ್ಳೆಯ ಸಂಬಂಧವೂ ಹಾಗೇ ಕೈತಪ್ಪಿದೆ. ಕಳೆದ ನವೆಂಬರಿನಲ್ಲಿ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ತುಂಬಿದ ಕೂಟದಲ್ಲಿ ಇವರ ಕಡೆ ಬೆರಳು ತೋರಿಸಿ, ನಿನ್ನ ಜಾಗ ಆ ಟೇಬಲ್ಲಿನ ಹಿಂದೆ ಅಲ್ಲ, ದೇವರು ನಿನ್ನನ್ನು ಜನಾಂಗಗಳಿಗೆ ಕಳಿಸುತ್ತಾನೆ ಅಂದರಂತೆ. ಈಗ ಫೆಲೋಶಿಪ್ಪಿನ ಲೀಡರ್ ಒಬ್ಬರು, ಇವರು ಅವರನ್ನು ‘ಅಣ್ಣ’ ಅಂತ ಬರೆದಿದ್ದಾರೆ, ಕೆಲಸ ಬಿಟ್ಟು ಒಂದು ವರ್ಷದ ತರಬೇತಿಗೆ ಸೇರು ಅಂತ ಬೆನ್ನು ಹತ್ತಿದ್ದಾರೆ. ಫೀಸು 1 ಲಕ್ಷ 80 ಸಾವಿರ. ಇವರು ಕೂಡಿಟ್ಟಿರುವುದು 1 ಲಕ್ಷ 40 ಸಾವಿರ. ಉಳಿದದ್ದಕ್ಕೆ ‘ನಂಬಿಕೆಯಿಂದ ಹೆಜ್ಜೆ ಇಡು’ ಅಂತ ಸಲಹೆ.

ಪ್ರಶ್ನೆ ಎರಡು. ಇದು ದೇವರ ಕರೆಯೇ ಅಂತ ಹೇಗೆ ತಿಳಿಯಲಿ? ತಿಳಿಯದೆ ತಪ್ಪು ದಾರಿ ಹಿಡಿದರೆ ನನ್ನ ಬದುಕೆಲ್ಲ ವ್ಯರ್ಥ ಆಗಿಬಿಡುತ್ತದಲ್ಲ?

ಮೂರು ಪುಟದ ಪತ್ರ ಇದು. ಅದರಲ್ಲಿ ಅಲ್ಲೊಂದು ಇಲ್ಲೊಂದು ಮಾತು ಬಿಟ್ಟರೆ ತಾಯಿಗೆ ಸಿಕ್ಕಿರುವುದು ನಾಲ್ಕೇ ಸಾಲು, ಅದೂ ಅವರ ಚುರುಕುತನ ಹೇಳಲಿಕ್ಕೆ. ಆ ನಾಲ್ಕು ಸಾಲನ್ನು ಇದ್ದ ಹಾಗೇ ಕೊಡುತ್ತೇನೆ:

“ನಮ್ಮಮ್ಮ ಹೊಲಿಗೆ ಮಾಡುತ್ತಾರೆ. ಕಣ್ಣಿಗೆ ಪೊರೆ ಬಂದಿದೆ, ಎರಡು ವರ್ಷದ ಹಿಂದೆ ಕ್ಯಾಂಪಿನಲ್ಲಿ ಆಪರೇಷನ್ ಮಾಡಿಸಿ ಅಂದಿದ್ದರು. ಆದರೂ ಅಮ್ಮ ಎಷ್ಟು ಗಟ್ಟಿ ಅಂದರೆ, ಪಕ್ಕದ ಮನೆಯ ಹುಡುಗಿ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಾಳೆ, ಅಮ್ಮ ಇಡೀ ದಿನ ಅದರಲ್ಲೇ ಕೆಲಸ ಮುಗಿಸುತ್ತಾರೆ. ನನಗೆ ಮಾತ್ರ, ಮೊದಲು ನಿನ್ನದು ಒಂದು ನೆಲೆಗೆ ಹತ್ತಲಿ, ನನ್ನ ಕಣ್ಣು ಎಲ್ಲಿ ಓಡಿಹೋಗುತ್ತದೆ ಅನ್ನುತ್ತಾರೆ.”

ಇಷ್ಟು ಬರೆದು ಮುಂದಿನ ಸಾಲಿನಲ್ಲಿ ಮತ್ತೆ ನವೆಂಬರಿನ ಪ್ರವಾದನೆಗೆ ಹೋಗಿದ್ದಾರೆ.

ತಮ್ಮಾ, ನಾನು ಹೊಲಿಗೆ ಬಲ್ಲವಳು. ಅದಕ್ಕೇ ಆ ದಿಂಬು ನನ್ನ ಕಣ್ಣಿಂದ ಸರಿಯುತ್ತಿಲ್ಲ. ಹತ್ತು ಸೂಜಿ ಅಂದರೆ ಎಷ್ಟು ಕೆಲಸ ಅಂತ ಗೊತ್ತಾ ನಿಮಗೆ? ಒಂದು ಸೀರೆಗೆ ಫಾಲ್ ಹಚ್ಚಲಿಕ್ಕೆ ನಾಲ್ಕೈದು ಎಳೆ ಬೇಕು. ಒಂದು ಬ್ಲೌಸಿಗೆ ಹುಕ್ಕು, ಕಾಜಾ, ಹೆಮ್ಮಿಂಗ್ ಅಂದರೆ ಇನ್ನೆರಡು ಮೂರು. ದಾರ ಕಿತ್ತರೆ ಒಂದು ಸೂಜಿ ಹೋಯಿತು. ಹತ್ತನೇ ಸೂಜಿ ಖಾಲಿಯಾದ ಮೇಲೆ, ಮಧ್ಯಾಹ್ನ ಮೂರು ಗಂಟೆಯೋ ನಾಲ್ಕು ಗಂಟೆಯೋ, ನಿಮ್ಮಮ್ಮ ಏನು ಮಾಡುತ್ತಾರೆ? ಬಾಗಿಲಲ್ಲಿ ಕೂತು ಆ ಮಗು ಶಾಲೆಯಿಂದ ಬರುವುದನ್ನು ಕಾಯುತ್ತಾರೆ. ಭಾನುವಾರ ಆ ಹುಡುಗಿ ಅಜ್ಜಿ ಮನೆಗೆ ಹೋದರೆ? ಮಿಷನ್ನಿನ ಮೇಲೆ ಬ್ಲೌಸ್ ಹೊಲಿಯುತ್ತಾರೆ ಅಂತ ನೀವು ಬರೆದಿಲ್ಲ. ಅದನ್ನು ಅವರು ಯಾವಾಗಲೋ ಬಿಟ್ಟಿರಬೇಕು, ಬೆರಳು ಸೂಜಿಯ ಕೆಳಗೆ ಹೋದರೆ ಅನ್ನುವ ಭಯಕ್ಕೆ. ಅಂದರೆ ಸಂಪಾದನೆಯೂ ಅರ್ಧ ಆಗಿರಬೇಕು. ಇದನ್ನೂ ಅವರು ನಿಮಗೆ ಹೇಳಿರುವುದಿಲ್ಲ.

ನೀವು ನಾಲ್ಕು ವರ್ಷದಿಂದ ಸೂಚನೆ ಕೇಳುತ್ತಿದ್ದೀರಿ. ಅದು ಆ ದಿಂಬಿನ ಮೇಲೆ ಸಾಲಾಗಿ ನಿಂತಿದೆ.

ಈಗ ನನ್ನ ಸಿಟ್ಟಿನ ವಿಷಯ. ಪತ್ರದ ಎರಡನೇ ಪುಟದಲ್ಲಿ ಒಂದು ಮಾತಿದೆ. ಅಮ್ಮನ ಆಪರೇಷನ್ ಒಂದಿದೆ ಅಂತ ನೀವು ಅಣ್ಣನಿಗೆ ಹೇಳಿದ್ದೀರಿ. ಅದಕ್ಕೆ ಅವರು, ನೀನು ದೇವರ ಕೆಲಸ ನೋಡು, ನಿಮ್ಮಮ್ಮನನ್ನು ದೇವರು ನೋಡಿಕೊಳ್ಳುತ್ತಾನೆ ಅಂದಿದ್ದಾರೆ. ಬೆರಳು ತೋರಿಸಿದ ಪ್ರಸಂಗಿಯನ್ನು ನಾನು ಕ್ಷಮಿಸಬಲ್ಲೆ. ಅವರು ಬಂದರು, ಹೋದರು, ನಿಮ್ಮ ಮನೆ ಅವರಿಗೆ ಗೊತ್ತಿಲ್ಲ. ಈ ಅಣ್ಣನಿಗೆ ಗೊತ್ತಿತ್ತು. ಗೊತ್ತಿದ್ದೂ ಹೀಗೆ ಹೇಳಿದರಲ್ಲ, ಅದು ನನಗೆ ನುಂಗಲಾಗುತ್ತಿಲ್ಲ.

ಯಾಕೆಂದರೆ ಯೇಸು ಸ್ವಾಮಿ ಇದೇ ಮಾತಿಗೆ ಸಿಟ್ಟಾದವರು. ಮಾರ್ಕನ ಸುವಾರ್ತೆ 7ನೇ ಅಧ್ಯಾಯ ತೆಗೆಯಿರಿ, 9ರಿಂದ 13ನೇ ವಚನ. ಆ ಕಾಲದಲ್ಲಿ ಒಂದು ಪದ್ಧತಿ ಇತ್ತು. ತಂದೆ ತಾಯಿಗೆ ಖರ್ಚು ಮಾಡಬೇಕಾದ ಹಣವನ್ನು ಒಬ್ಬ ಮಗ ‘ಕೊರ್ಬಾನ್’, ಅಂದರೆ ಇದು ದೇವರಿಗೆ ಮುಡಿಪು ಅಂದುಬಿಟ್ಟರೆ ಆಯಿತು. ಆಮೇಲೆ ಅಪ್ಪ ಅಮ್ಮನಿಗೆ ಅವನು ಒಂದು ಕಾಸೂ ಕೊಡಬೇಕಿರಲಿಲ್ಲ. ಧರ್ಮಗುರುಗಳೇ ಅದಕ್ಕೆ ಒಪ್ಪಿಗೆ ಕೊಡುತ್ತಿದ್ದರು. ಯೇಸು ಏನಂದರು? ನಿಮ್ಮ ಸಂಪ್ರದಾಯದಿಂದ ದೇವರ ಮಾತನ್ನೇ ಬರಿದು ಮಾಡುತ್ತಿದ್ದೀರಿ ಅಂದರು. ದೇವರ ಹೆಸರಿನಲ್ಲಿ ಅಮ್ಮನ ಪಾಲನ್ನು ತೆಗೆದಿಡುವುದನ್ನು ದೇವರ ಮಗನೇ ಒಪ್ಪಲಿಲ್ಲ ತಮ್ಮಾ. ನಿಮ್ಮ ಆ 1 ಲಕ್ಷ 40 ಸಾವಿರದ ಮೇಲೆ ಅಣ್ಣ ಬರೆದಿರುವುದು ಅದೇ ಕೊರ್ಬಾನ್.

ಗೊತ್ತು, ನೀವು ತಕ್ಷಣ ಮತ್ತಾಯ 10:37 ತೋರಿಸುತ್ತೀರಿ. ನನಗಿಂತ ಹೆಚ್ಚಾಗಿ ತಂದೆಯನ್ನಾಗಲಿ ತಾಯಿಯನ್ನಾಗಲಿ ಪ್ರೀತಿಸುವವನು ನನಗೆ ಯೋಗ್ಯನಲ್ಲ, ಅದನ್ನೂ ಯೇಸುವೇ ಹೇಳಿದ್ದು. ಅದನ್ನು ನಾನು ಮೆತ್ತಗೆ ಮಾಡಿ ಹೇಳುವುದಿಲ್ಲ, ಅದು ಗಡುಸಾದ ಮಾತೇ. ಮನೆಯವರು ನಂಬಿಕೆಗೇ ಅಡ್ಡ ಬಂದಾಗ ಆ ಮಾತು ಬೇಕಾಗುತ್ತದೆ. ನಿಮ್ಮಮ್ಮ ಎಲ್ಲಿ ಅಡ್ಡ ಬಂದಿದ್ದಾರೆ? ಅವರು ಕಣ್ಣು ಬಿಟ್ಟುಕೊಟ್ಟು ನಿಮಗೆ ದಾರಿ ಬಿಟ್ಟಿದ್ದಾರೆ. ಮತ್ತೆ, ಆ ಮಾತು ಹೇಳಿದ ಯೇಸುವೇ ಶಿಲುಬೆಯ ಮೇಲೆ, ಉಸಿರು ಹಿಡಿಯುವುದೇ ಕಷ್ಟ ಇದ್ದಾಗ, ಪ್ರೀತಿಯ ಶಿಷ್ಯನನ್ನು ಕರೆದು ಇಗೋ ನಿನ್ನ ತಾಯಿ ಅಂತ ಒಪ್ಪಿಸಿದರಲ್ಲ. ಆ ಗಂಟೆಯಿಂದ ಆ ಶಿಷ್ಯ ಆಕೆಯನ್ನು ತನ್ನ ಮನೆಗೆ ಕರಕೊಂಡು ಹೋದ ಅಂತಿದೆ, ಯೋಹಾನ 19:27. ಲೋಕವನ್ನೆಲ್ಲ ಉಳಿಸುವ ಉದ್ದೇಶ ಹೆಗಲ ಮೇಲಿತ್ತು. ಅಮ್ಮ ಎಲ್ಲಿ ಮಲಗುತ್ತಾಳೆ ಅನ್ನುವ ಯೋಚನೆಯೂ ಅದರೊಳಗೇ ಇತ್ತು.

ಇದನ್ನು ಇಷ್ಟು ಬಿಸಿಯಾಗಿ ಬರೆಯಲಿಕ್ಕೆ ನನಗೊಂದು ಕಾರಣ ಇದೆ. ನನ್ನ ಅಪ್ಪ ಕೊನೇ ಸಲ ಆಸ್ಪತ್ರೆ ಸೇರಿದಾಗ ನನಗೆ 23. ಡಿಸೆಂಬರ್ ತಿಂಗಳು. ಕ್ಯಾರಲ್ ತಂಡದ ಜೊತೆ ರಾತ್ರಿಯೆಲ್ಲ ಮನೆಮನೆ ಸುತ್ತುತ್ತಿದ್ದೆ. ಅಪ್ಪ ಎರಡು ಸಲ ಹೇಳಿ ಕಳಿಸಿದ್ದರು. ಕರ್ತನ ಕೆಲಸ ಅಲ್ವಾ, ಮುಗಿಸಿ ಬರುತ್ತೇನೆ ಅಂದೆ. ನಾನು ಹೋದಾಗ ಆಸ್ಪತ್ರೆಯವರು ಖಾಲಿ ಮಂಚದ ಮೇಲಿನ ಹೊದಿಕೆಯನ್ನು ಮಡಿಸುತ್ತಿದ್ದರು. ಕರ್ತನು ನನ್ನನ್ನು ಕ್ಷಮಿಸಿದ್ದಾನೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೂ ಡಿಸೆಂಬರಿನಲ್ಲಿ ಬೀದಿಯಲ್ಲಿ ಗಿಟಾರಿನ ಸದ್ದು ಕೇಳಿದರೆ ಇವತ್ತಿಗೂ ನಾನು ಒಳಗೆ ಹೋಗಿಬಿಡುತ್ತೇನೆ.

ಪೂರ್ಣಾವಧಿ ಸೇವೆಯ ಬಗ್ಗೆ ನನಗೆ ತಾತ್ಸಾರ ಇದೆ ಅಂದುಕೊಳ್ಳಬೇಡಿ. ನನ್ನ ಯಜಮಾನರು 31 ವರ್ಷ ಸಭಾಪಾಲಕರಾಗಿದ್ದವರು. ಅಯ್ಯನವರ ಹೆಂಡತಿಯಾಗಿ ಏಳು ಊರಿನ ಪಾರ್ಸನೇಜಿನಲ್ಲಿ ಅಡುಗೆ ಮಾಡಿದ್ದೇನೆ. ನಿಜವಾದ ಕರೆ ಬಂದವರನ್ನು ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ಒಬ್ಬರೂ ಗಡಿಬಿಡಿ ಮಾಡಿದವರಲ್ಲ. ಕರೆ ನಿಜ ಆಗಿದ್ದರೆ ಅದು ಆರು ತಿಂಗಳಾದ ಮೇಲೂ ಅಲ್ಲೇ ಇರುತ್ತದೆ. ಮುಂದಿನ ಬ್ಯಾಚಿಗೆ ಸೀಟು ಸಿಗುವುದಿಲ್ಲ ಅನ್ನುವ ಕರೆಯನ್ನು ನಾನು ನಂಬುವುದಿಲ್ಲ.

ಇನ್ನು ನಿಮ್ಮ ರೂಮಿನ ಗೋಡೆಯ ವಿಷಯ. ಯೆರೆಮೀಯ 29:11 ಫ್ರೇಮ್ ಹಾಕಿಸಿಕೊಂಡಿದ್ದೇನೆ ಅಂತ ಬರೆದಿದ್ದೀರಿ. ದೇವರು ನಿಮ್ಮ ಬಗ್ಗೆ ಹಿತದ ಯೋಚನೆಗಳನ್ನೇ ಇಟ್ಟುಕೊಂಡಿದ್ದಾನೆ, ನಿರೀಕ್ಷೆ ಕೊಡುತ್ತಾನೆ ಅನ್ನುವ ವಚನ. ನಾನು ಈ ಅಂಕಣದಲ್ಲಿ ಸಾಕಾಗುವಷ್ಟು ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ: ಒಂದು ವಚನವನ್ನು ಹಿಂದಿನ ಹತ್ತು ವಚನ ಓದದೆ ಗೋಡೆಗೆ ಹೊಡೆಯಬೇಡಿ. ಅದೊಂದು ಪತ್ರ. ಯೆರೂಸಲೇಮಿನಿಂದ ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದವರಿಗೆ ಪ್ರವಾದಿ ಬರೆದದ್ದು. ಆ ಜನ ಕೇಳುತ್ತಿದ್ದದ್ದೂ ನಿಮ್ಮ ಪ್ರಶ್ನೆಯನ್ನೇ, ಇಲ್ಲಿಂದ ನಮ್ಮನ್ನು ಯಾವಾಗ ಹೊರಡಿಸುತ್ತೀ ಅಂತ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಒಬ್ಬ ಬಂದು, ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ ಅಂತ ದೇವಾಲಯದಲ್ಲಿ ಎಲ್ಲರೆದುರು ಗಟ್ಟಿಯಾಗಿ ಪ್ರವಾದನೆ ಹೇಳಿದ್ದ. ಎಲ್ಲರಿಗೂ ಕೇಳಲು ಹಿತವಾಗಿತ್ತು. ಅದು ಸುಳ್ಳಾಗಿತ್ತು. ಯೆರೆಮೀಯನ ಪತ್ರದಲ್ಲಿ ಇರುವುದು 70 ವರ್ಷ, 10ನೇ ವಚನದಲ್ಲಿ. ಅಲ್ಲಿಯವರೆಗೆ ಏನು ಮಾಡಬೇಕು ಅಂತ 5ರಿಂದ 7ರಲ್ಲಿದೆ: ಮನೆ ಕಟ್ಟಿಕೊಳ್ಳಿ, ವಾಸ ಮಾಡಿ. ತೋಟ ಹಾಕಿ, ಹಣ್ಣು ತಿನ್ನಿ. ಮದುವೆಯಾಗಿ, ಮಕ್ಕಳಾಗಲಿ. ನೀವಿರುವ ಪಟ್ಟಣದ ಒಳಿತಿಗಾಗಿ ಪ್ರಾರ್ಥನೆ ಮಾಡಿ.

ನೀವು ಬಡ್ತಿ ಬಿಟ್ಟಿರಿ, ಮದುವೆ ಬಿಟ್ಟಿರಿ. 11ನೇ ವಚನ ಸಿಗಲಿ ಅಂತ 5 ಮತ್ತು 6ನ್ನು ನಾಲ್ಕು ವರ್ಷ ಬಾಗಿಲಾಚೆ ನಿಲ್ಲಿಸಿದಿರಿ.

ಇನ್ನೊಂದು ಸೂಕ್ಷ್ಮ ನೋಡಿ, ಇದು ಕನ್ನಡದಲ್ಲಿ ಓದುವವರಿಗೆ ಸಿಗುವ ಲಾಭ. ನಮ್ಮ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ದೇವರು ಒಬ್ಬ ಮನುಷ್ಯನ ಜೊತೆ ಮಾತಾಡುವಾಗ ‘ನೀನು’ ಅನ್ನುತ್ತಾನೆ. ಅಬ್ರಹಾಮನಿಗೂ ನೀನು, ಮೋಶೆಗೂ ನೀನು. ಯೆರೆಮೀಯ 29:11ರಲ್ಲಿ ಇರುವುದು ‘ನಿಮ್ಮ’. ಅದು ಮರ್ಯಾದೆಯ ಬಹುವಚನ ಅಲ್ಲ, ಎಲ್ಲರೂ ಸೇರಿದ ನಿಮ್ಮ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಆದ್ದರಿಂದ ಪ್ರತಿಯೊಬ್ಬರೂ ಇದು ನನಗೊಬ್ಬನಿಗೇ ಬರೆದದ್ದು ಅಂದುಕೊಂಡುಬಿಡುತ್ತಾರೆ. ಹಿತದ ಯೋಚನೆ ಇರುವುದು ಇಡೀ ಜನದ ಬಗ್ಗೆ. ಆ ಜನರಲ್ಲಿ ಬೆಟಗೇರಿಯ ನಿಮ್ಮಮ್ಮನೂ ಇದ್ದಾರೆ. ಪಕ್ಕದ ಮನೆ ಹುಡುಗಿಯನ್ನೂ ಆ ‘ನಿಮ್ಮ’ದಿಂದ ನಾನು ಬಿಡಲಾರೆ.

ಹಾಗಾದರೆ ದೇವರ ಚಿತ್ತ ಯಾವುದು ಅಂತೀರಾ? ಬೈಬಲಿನಲ್ಲಿ ‘ಇದೇ ದೇವರ ಚಿತ್ತ’ ಅಂತ ನೇರವಾಗಿ ಬರೆದ ಜಾಗಗಳಿವೆ, ಹುಡುಕುವುದೇ ಬೇಡ. 1 ಥೆಸಲೊನೀಕ 4:3, ನೀವು ಪವಿತ್ರರಾಗಿ ಬದುಕುವುದು. ಅದೇ ಪತ್ರದ 5:18, ಎಲ್ಲದರಲ್ಲೂ ಕೃತಜ್ಞತೆ ಸಲ್ಲಿಸುವುದು. ಯಾವ ಕಂಪನಿ, ಯಾವ ಊರು, ಯಾವ ಕೋರ್ಸು ಅಂತ ಅಲ್ಲಿ ಬರೆದಿಲ್ಲ. ಅದೇ ಪತ್ರದಲ್ಲಿ ಅದನ್ನು ಬರೆದ ಪೌಲ, ಸುಮ್ಮನಿದ್ದು ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ, ಕೈಯಾರೆ ದುಡಿಯಿರಿ ಅಂತ ಬೇರೆ ಹೇಳುತ್ತಾನೆ. ಅವನೇ ಗುಡಾರ ಹೊಲಿದು ಹೊಟ್ಟೆ ಹೊರೆದವನು.

ಮಾರ್ಕ 5ರಲ್ಲಿ ಸಮಾಧಿಗಳ ನಡುವೆ ಇದ್ದ ಒಬ್ಬನನ್ನು ಯೇಸು ವಾಸಿ ಮಾಡುತ್ತಾರೆ. ಅವನು ನಾನೂ ನಿನ್ನ ಜೊತೆ ಬರುತ್ತೇನೆ ಅಂತ ಬೇಡಿಕೊಳ್ಳುತ್ತಾನೆ. ದೋಣಿ ಎದುರಿಗೇ ಇದೆ. ಪೂರ್ಣಾವಧಿ ಸೇವೆಗೆ ಇದಕ್ಕಿಂತ ಒಳ್ಳೆಯ ಅರ್ಜಿ ಉಂಟೇ? ಯೇಸು ಬೇಡ ಅಂದರು. ಮನೆಗೆ ಹೋಗು, ನಿನ್ನವರ ಹತ್ತಿರ ಹೋಗು ಅಂದರು. ಅವನು ಹೋದ, ದೆಕಪೊಲಿ ಅನ್ನುವ ಆ ಸೀಮೆಯಲ್ಲೆಲ್ಲ ಸಾರಿದ. ಅಂದರೆ ಮನೆಗೆ ಹೋದದ್ದರಿಂದ ಅವನ ಸೇವೆ ನಿಲ್ಲಲಿಲ್ಲ. ಶುರುವಾದದ್ದೇ ಅಲ್ಲಿಂದ.

ನೀವು ಹೊಲಿಯುವ ತಾಯಿಯ ಮಗ ಆಗಿದ್ದಕ್ಕೆ ಯೊಪ್ಪ ಅನ್ನುವ ಊರಿನ ದೊರ್ಕಳನ್ನೂ ನೆನಪಿಸುತ್ತೇನೆ, ಅಪೊಸ್ತಲರ ಕೃತ್ಯಗಳು 9. ಅವಳು ಸತ್ತಾಗ ವಿಧವೆಯರು ಯೇಸುವಿನ ಶಿಷ್ಯ ಪೇತ್ರನ ಸುತ್ತ ನಿಂತು ಅಳುತ್ತಾ, ಅವಳು ಬದುಕಿದ್ದಾಗ ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿದರು. ಅವಳು ಆಡಿದ ಒಂದು ಮಾತೂ ಅಲ್ಲಿ ದಾಖಲಾಗಿಲ್ಲ, ದಾಖಲಾದದ್ದು ಅವಳ ಹೊಲಿಗೆ. ಪ್ರತಿ ಕ್ರಿಸ್ಮಸ್ಸಿಗೆ ಅಮ್ಮ ಸಭೆಯ ವೇದಿಯ ಬಟ್ಟೆಗೆ ಅಂಚು ಹೊಲಿದುಕೊಡುತ್ತಾರೆ ಅಂತ ನೀವೇ ಬರೆದಿದ್ದೀರಿ. ಹೋದ ವರ್ಷದ ಅಂಚನ್ನು ಅವರು ಹೇಗೆ ಹೊಲಿದಿರಬಹುದು, ಕೇಳಿದ್ದೀರಾ?

ತಪ್ಪು ದಾರಿ ಹಿಡಿದರೆ ಬದುಕು ವ್ಯರ್ಥ ಅನ್ನುವ ನಿಮ್ಮ ಭಯ ನನಗೆ ಅರ್ಥ ಆಗುತ್ತದೆ. ಅದು ನಿಮ್ಮನ್ನು ರಾತ್ರಿ ಎಬ್ಬಿಸುತ್ತದೆ ಅಂತ ಬರೆದಿದ್ದೀರಿ. ನಿಮಗೆ ಯಾರೋ ದೇವರನ್ನು ಹಾಗೆ ಪರಿಚಯ ಮಾಡಿಸಿದ್ದಾರೆ, ಒಂದೇ ಬಸ್ಸು ಬಿಡುವ, ತಪ್ಪಿದರೆ ಬಾಗಿಲು ಹಾಕುವ ಕಂಡಕ್ಟರಿನ ಹಾಗೆ. ನನ್ನ ಕರ್ತನು ಹಾಗಿಲ್ಲ. ಮೂರು ಸಲ ಇವನನ್ನು ಅರಿಯೆ ಅಂದ ಪೇತ್ರನಿಗೆ ಸಮುದ್ರದ ದಂಡೆಯಲ್ಲಿ ಮೀನು ಸುಟ್ಟು ಊಟ ಹಾಕಿದವನು ಅವನು.

ಧಾರವಾಡದ ಕಡೆಯವರಿಗೆ ಕಿಟೆಲ್ ಹೆಸರು ಹೇಳಿಕೊಡಬೇಕಾಗಿಲ್ಲ, ಅಲ್ಲಿ ಅವರ ಹೆಸರಿನ ಕಾಲೇಜೇ ಇದೆ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದಾಗ 21ರ ಹುಡುಗ. ಬಂದದ್ದು ಸುವಾರ್ತೆ ಸಾರಲಿಕ್ಕೆ. ಆ ಕರೆ ಸುಳ್ಳಾಗಿರಲಿಲ್ಲ. ಆದರೆ ಜನರಿಗೆ ಹೇಳಬೇಕಾದರೆ ಜನರ ಮಾತು ಬರಬೇಕಲ್ಲ, ಅಂತ ಕನ್ನಡ ಕಲಿಯುತ್ತ ಹೋದರು. ಒಂದು ಪದ, ಮತ್ತೊಂದು ಪದ, ಗಾದೆ, ಛಂದಸ್ಸು, ಹಳೆಗನ್ನಡದ ವ್ಯಾಕರಣ. 1894ರಲ್ಲಿ ಸುಮಾರು 70 ಸಾವಿರ ಪದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾದಾಗ ಅವರಿಗೆ 62. ಹಡಗು ಹತ್ತುವ ದಿನ ನಿನ್ನ ಉದ್ದೇಶ ಇದು ಅಂತ ಯಾರಾದರೂ ಬೆರಳು ತೋರಿಸಿದ್ದರೆ ಅವರು ಗಾಬರಿ ಬೀಳುತ್ತಿದ್ದರೇನೋ. ಎದುರಿಗೆ ಬಂದ ಕೆಲಸವನ್ನು ಅವರು ಮಾಡುತ್ತ ಹೋದರು. ಇವತ್ತು ಕನ್ನಡಿಗರೆಲ್ಲ, ಯಾವ ಧರ್ಮದವರಾಗಲಿ, ಅವರಿಗೆ ಕೈ ಮುಗಿಯುತ್ತಾರೆ.

ನಿಮ್ಮ ಎದುರಿಗೆ ಬಂದಿರುವ ಕೆಲಸಕ್ಕೆ ಹತ್ತು ಸೂಜಿ ಇವೆ. ಅದಕ್ಕೇ ನನ್ನ ಹತ್ತಿರ ಸಲಹೆಗಳ ಪಟ್ಟಿ ಇಲ್ಲ, ಒಂದೇ ಮಾತು ಇದೆ: ಅಮ್ಮನ ಕಣ್ಣಿನ ಆಪರೇಷನ್ ಆಗುವವರೆಗೆ ಬೇರೆ ಯಾವ ತೀರ್ಮಾನವನ್ನೂ ಮಾಡಬೇಡಿ. ರಾಜೀನಾಮೆ ಬರೆಯಬೇಡಿ, ತರಬೇತಿಗೆ ಅಡ್ವಾನ್ಸ್ ಕಟ್ಟಬೇಡಿ, ಹೊಸ ಉಪವಾಸ ಶುರು ಮಾಡಬೇಡಿ. ಅಣ್ಣ ಫೋನ್ ಮಾಡಿದರೆ ಊರಲ್ಲಿದ್ದೇನೆ ಅನ್ನಿ.

ಪೊರೆ ಅಂದರೆ ಹೆದರುವ ಕಾಯಿಲೆ ಅಲ್ಲ. ಮೋಡ ಕವಿದ ಮಸೂರ ತೆಗೆದು ಹೊಸದು ಕೂರಿಸುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಎರಡೂ ಕಣ್ಣಲ್ಲಿದ್ದರೆ ಒಂದಾದ ಮೇಲೆ ಒಂದು ಮಾಡುತ್ತಾರೆ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಅಡಿ ಉಚಿತವಾಗಿಯೇ ಆಗುತ್ತದೆ, ಆ ಕಾರ್ಯಕ್ರಮ 1976ರಿಂದ ಇದೆ. ಅಂದರೆ ನಿಮ್ಮ ಉಳಿತಾಯ ಬಹುಶಃ ಮುಟ್ಟಬೇಕಾಗಿಯೂ ಇಲ್ಲ, ಬೇಕಾಗಿದ್ದದ್ದು ಹಣಕ್ಕಿಂತ ನೀವು. ತಡ ಮಾಡಬಾರದು, ಪೊರೆ ತೀರಾ ಗಟ್ಟಿಯಾದರೆ ಆಪರೇಷನ್ ಕಷ್ಟ, ಕೆಲವರಿಗೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಕುತ್ತು ಬರುತ್ತದೆ. ಎರಡು ವರ್ಷ ಆಗಲೇ ಹೋಗಿದೆ. ಮೊದಲು ಶುಗರ್, ಬಿಪಿ ನೋಡಿಸಿ.

ಈ ಶುಕ್ರವಾರ ರಾತ್ರಿಯೇ ರೈಲು ಹತ್ತಿ. ಶನಿವಾರ ಆ ಹುಡುಗಿ ಬರುವ ಮುಂಚೆ ಎದ್ದು ದಿಂಬು ತಗೊಂಡು ಕೂತು, ಮನೆಯಲ್ಲಿರುವ ಸೂಜಿಗೆಲ್ಲ ನೀವೇ ದಾರ ಪೋಣಿಸಿ. ಭಾನುವಾರ ಅಮ್ಮನ ಕೈ ಹಿಡಿದು ಆರಾಧನೆಗೆ ಹೋಗಿ. ಮೆಟ್ಟಿಲ ಹತ್ತಿರ ಅವರು ಕಾಲಿನಿಂದ ತಡವರಿಸುತ್ತಾರಾ ಅಂತ ಗಮನಿಸಿ, ಡಾಕ್ಟರಿಗೆ ಹೇಳಬೇಕಾಗುತ್ತದೆ. ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಚೀಟಿ ಸಾಲಿನಲ್ಲಿ ನಿಲ್ಲಿ. ಅಮ್ಮ ಬೇಡ ಅನ್ನುತ್ತಾರೆ, ನಿನ್ನ ರಜೆ ಹಾಳು ಅನ್ನುತ್ತಾರೆ, ಕೇಳಬೇಡಿ. ಆಪರೇಷನ್ ಆದ ಮೇಲೆ ಕೆಲವು ವಾರ ದಿನಕ್ಕೆ ಹಲವು ಸಲ ಕಣ್ಣಿಗೆ ಹನಿ ಹಾಕಬೇಕು, ಕೈ ಚೆನ್ನಾಗಿ ತೊಳೆದುಕೊಂಡು. ಅಷ್ಟು ದಿನ ರಜೆ ಇಲ್ಲದಿದ್ದರೆ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬನ್ನಿ. ಆ ಹನಿ ಹಾಕುವುದು ನಿಮ್ಮ ಕೆಲಸ, ಪಕ್ಕದ ಮನೆ ಹುಡುಗಿಯದಲ್ಲ.